ಊರಿಗೆ ದುಡ್ಡು ಬಂದಾಗ ಓಣಿಗೆ ಏನಾಗುತ್ತದೆ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಮನೆಯಲ್ಲಿರುವವರು, ಸೈಟು ಕೊಳ್ಳಲು ಹೊರಟವರು, ಜೀನ್ಸ್ ಹೊಲಿಯುವವರು, ಬಂಡಿ ಇಟ್ಟು ವ್ಯಾಪಾರ ಮಾಡುವವರು, ವಾರ್ಡಿನ ಕೆಲಸಕ್ಕೆ ಕಚೇರಿ ಅಲೆಯುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. "ಲೆಕ್ಕಕ್ಕೆ" ಎಂದು ಬರೆದಿರುವ ಕಡೆ ದರಗಳು ಊಹೆಯವು. ಅಲ್ಲಿ ನಿಮ್ಮ ಓಣಿಯ ದರ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಕೊಳ್ಳಿ.

ಕಬ್ಬಿಣದ ಅದಿರು ಇರುವುದು ಸಂಡೂರಿನ ಗುಡ್ಡದಲ್ಲಿ. ಬಳ್ಳಾರಿಯ ಓಣಿಯಲ್ಲಿ ಬಾಡಿಗೆ ಯಾಕೆ ಏರಬೇಕು?

ಅದಿರಿನ ದುಡ್ಡು ಗುಡ್ಡದಲ್ಲೇ ನಿಲ್ಲುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಸಿಕ್ಕಷ್ಟು ಅದಿರು ಕೊಳ್ಳುತ್ತಿತ್ತು. ಆಗ ಲಾರಿ ಮಾಲೀಕ, ಲೋಡಿಂಗ್ ಗುತ್ತಿಗೆದಾರ, ಗ್ಯಾರೇಜಿನವರು, ಟೈರ್ ಅಂಗಡಿಯವರು, ಡಾಬಾದವರು, ಎಲ್ಲರ ಕೈಯಲ್ಲೂ ನಗದು ಓಡಾಡಿತು. ಬಳ್ಳಾರಿಯಂಥ ಊರಿನಲ್ಲಿ ಹಾಗೆ ಬಂದ ನಗದನ್ನು ಹಾಕುವುದಕ್ಕೆ ಇರುವ ಜಾಗ ಬಂಗಾರ ಮತ್ತು ಸೈಟು, ಅಷ್ಟೇ. ಹೊಸ ಉದ್ಯಮ ಕಟ್ಟುವುದಕ್ಕೆ ತಿಳಿವಳಿಕೆ ಬೇಕು, ವರ್ಷಗಟ್ಟಲೆ ಕಾಯಬೇಕು. ಸೈಟಿಗೆ ಅವೆರಡೂ ಬೇಡ.

ಬಾಡಿಗೆ ಏರುವ ದಾರಿ ಬೇರೆ. ಹೊರಗಿನಿಂದ ಬಂದ ಕಾರ್ಮಿಕರು ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುತ್ತಾರೆ. ಲೆಕ್ಕಕ್ಕೆ ತಲೆಗೆ 1,500 ರೂಪಾಯಿ ಎಂದರೂ ಐದು ಜನರಿಂದ 7,500 ಆಯಿತು. ಅದೇ ಕೋಣೆಗೆ ಮಕ್ಕಳೊಂದಿಗರು ಕೊಡಬಲ್ಲದ್ದು 4,000. ಮನೆ ಮಾಲೀಕ ಯಾರಿಗೆ ಕೊಡುತ್ತಾನೆ ಎಂದು ಬೇರೆ ಹೇಳಬೇಕಿಲ್ಲ. ಸಂಸಾರ ಇನ್ನೊಂದು ಮೈಲಿ ಆಚೆಗೆ ಹೋಗುತ್ತದೆ. ಶಾಲೆ ಬದಲಾಗುತ್ತದೆ, ಆಟೋ ಖರ್ಚು ಸೇರುತ್ತದೆ, ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಎರಡು ಮನೆಯ ಕೆಲಸ ತಪ್ಪುತ್ತದೆ. ತೋರಣಗಲ್ಲು, ಕುಡತಿನಿ, ಕೊಪ್ಪಳದ ಗಿಣಿಗೇರಾ, ರಾಯಚೂರಿನ ಶಕ್ತಿನಗರ, ಕಾರ್ಖಾನೆ ಇರುವ ಊರುಗಳಲ್ಲೆಲ್ಲ ಬಾಡಿಗೆ ಏರುವುದು ಇದೇ ದಾರಿಯಲ್ಲಿ.

2011ರಲ್ಲಿ ಗಣಿಗಾರಿಕೆ ನಿಂತೇ ಹೋಯಿತಲ್ಲ. ಆಗ ಎಲ್ಲವೂ ಇಳಿದು ಸಮ ಆಗಬೇಕಿತ್ತಲ್ಲವೇ?

ಇಳಿಯಿತು, ಆದರೆ ಕೆಳಗಿನಿಂದ ಇಳಿಯಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ಎರಡನೇ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅಕ್ರಮದ ಪ್ರಮಾಣ ನೋಡಿದರೆ ತಡೆ ಬೇಕೇ ಬೇಕಿತ್ತು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ತಡೆಯ ಭಾರ ಬಿದ್ದದ್ದು ಕ್ಲೀನರ್, ಚಾಲಕ, ಸಾಲ ಮಾಡಿ ಒಂದೇ ಟಿಪ್ಪರ್ ಕೊಂಡವರ ಮೇಲೆ. ಕಂತು ಕಟ್ಟಲಾಗದೆ ಲಾರಿಗಳು ಫೈನಾನ್ಸ್‌ನವರ ಯಾರ್ಡ್ ಸೇರಿದವು.

ಜಾಗ ಇದ್ದವನಿಗೆ ಕಾಯುವ ಶಕ್ತಿ ಇರುತ್ತದೆ. ಮಾರುಕಟ್ಟೆ ಬಿದ್ದಾಗ ಅವನು ದರ ಇಳಿಸುವುದಿಲ್ಲ, ಮಾರುವುದನ್ನು ನಿಲ್ಲಿಸುತ್ತಾನೆ. ಕೂಲಿ ಮಾತ್ರ ಒಂದೇ ವಾರದಲ್ಲಿ ನಿಲ್ಲುತ್ತದೆ. ಏರುವಾಗ ಮೊದಲು ಏರುವುದು ಜಾಗ, ಇಳಿಯುವಾಗ ಮೊದಲು ಇಳಿಯುವುದು ಕೂಲಿ. ಪ್ರತಿ ಸುತ್ತಿನಲ್ಲೂ ಅಂತರ ಇನ್ನಷ್ಟು ಅಗಲವಾಗುತ್ತ ಹೋಗುವುದು ಹೀಗೆ.

2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಮಿತಿಯೊಳಗೆ ಮತ್ತೆ ತೆರೆದವು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಎಂದಿದ್ದ ಮಿತಿ 2017ರಲ್ಲಿ 2.8 ಕೋಟಿಗೆ, 2022ರಲ್ಲಿ 3.5 ಕೋಟಿಗೆ ಏರಿತು.

ಹೊಲ ಲೇಔಟ್ ಆದಾಗ ಹೆಚ್ಚಿದ ಬೆಲೆ ಯಾರ ಪಾಲಿಗೆ ಹೋಗುತ್ತದೆ?

ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಬಿಟ್ಟರೆ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 24,000 ಚದರಡಿ ಎಂದುಕೊಳ್ಳಿ, ಅಂದರೆ 30×40ರ 20 ಸೈಟು. ಲೆಕ್ಕಕ್ಕೆ ರೈತನಿಗೆ ಎಕರೆಗೆ 50 ಲಕ್ಷ ಸಿಕ್ಕಿತು, ಸೈಟು ಚದರಡಿಗೆ 1,200ರಂತೆ ಹೋಯಿತು ಎನ್ನಿ. ಮಾರಾಟದಿಂದ ಬಂದದ್ದು 2 ಕೋಟಿ 88 ಲಕ್ಷ. ಎನ್.ಎ. (ಕೃಷಿಯೇತರ ಪರಿವರ್ತನೆ), ಅನುಮೋದನೆ, ರಸ್ತೆ, ಚರಂಡಿ, ಕರೆಂಟು ಕಂಬಕ್ಕೆ 60 ಲಕ್ಷ ಕಳೆಯಿರಿ. ರೈತನ 50 ಲಕ್ಷವನ್ನೂ ಕಳೆದರೆ ನಡುವಿನವರ ಕೈಯಲ್ಲಿ 1 ಕೋಟಿ 78 ಲಕ್ಷ ಉಳಿಯುತ್ತದೆ.

ಆ ಹೊಲವನ್ನು ಪಾಲಿಗೆ ಮಾಡುತ್ತಿದ್ದವನಿಗೂ ಅಲ್ಲಿ ಕಳೆ ತೆಗೆಯುತ್ತಿದ್ದವರಿಗೂ ಸಿಗುವುದು ಸೊನ್ನೆ. ಅವರ ಹೆಸರು ಪಹಣಿಯಲ್ಲಿ ಇರುವುದಿಲ್ಲ.

ಬೆಲೆ ಏರಲು ಕಾರಣ ಬಹುಪಾಲು ಸರ್ಕಾರಿ ದುಡ್ಡಿನಲ್ಲಿ ಆದ ಬೈಪಾಸ್, ಕಾಲೇಜು, ಜಿಲ್ಲಾ ಕಚೇರಿ. ಅವು ಎಲ್ಲಿ ಬರುತ್ತವೆ ಎಂದು ಮುಂಚೆಯೇ ತಿಳಿದವರು ಮುಂಚೆಯೇ ಕೊಳ್ಳುತ್ತಾರೆ. ರೈತರು ಮಾಡಬಹುದಾದದ್ದು ಒಂದಿದೆ. ಪೂರ್ತಿ ಮಾರುವ ಬದಲು ಜಂಟಿ ಅಭಿವೃದ್ಧಿ ಕರಾರು ಮಾಡಿಕೊಂಡು, ನಿಮ್ಮ ಪಾಲಿನ ಸೈಟುಗಳ ಸಂಖ್ಯೆಯನ್ನು ನಕ್ಷೆಯಲ್ಲಿ ಗುರುತು ಹಾಕಿಸಿ ನೋಂದಣಿ ಮಾಡಿಸಿ. ಬಾಯಿಮಾತಿನ "ನಿಮಗೆ ಮೂಲೆ ಸೈಟು" ಎಂಬ ಭರವಸೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮುಂಗಡದ ಚೆಕ್ಕಿನ ಜೊತೆಗೆ ಖಾಲಿ ಬಾಂಡಿಗೆ ಸಹಿ ಕೇಳಿದರೆ ಎದ್ದು ಬನ್ನಿ.

ರೆವಿನ್ಯೂ ಸೈಟು ಅಗ್ಗಕ್ಕೆ ಸಿಗುತ್ತದೆ. ಕೊಂಡರೆ ತಪ್ಪೇನು?

ರೆವಿನ್ಯೂ ಸೈಟು ಎಂದರೆ ಎನ್.ಎ., ಲೇಔಟ್ ಅನುಮೋದನೆ ಇಲ್ಲದೆ ಹೊಲದಲ್ಲಿ ಮಾಡಿದ ಸೈಟು. ಅಗ್ಗಕ್ಕೆ ಸಿಗುವುದಕ್ಕೆ ಕಾರಣ ಕಾಗದ ಅರ್ಧ ಇರುವುದು. ಕೂಲಿ ಮಾಡಿ ಕೂಡಿಟ್ಟವರು ಅಲ್ಲೇ ಕೊಳ್ಳುತ್ತಾರೆ, ಯಾಕೆಂದರೆ ಅವರ ಕೈಗೆಟುಕುವುದು ಅದೊಂದೇ. ಆಮೇಲೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ನಳ ಮತ್ತು ಒಳಚರಂಡಿ ಕೊನೆಗೆ ಬರುತ್ತವೆ. ಬ್ಯಾಂಕಿನ ಗೃಹಸಾಲ ಸಿಗದೆ ಖಾಸಗಿ ಫೈನಾನ್ಸ್‌ನಲ್ಲಿ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ತಂದರೆ ವರ್ಷಕ್ಕೆ ಶೇ. 24 ಆಯಿತು. ಅಗ್ಗದ ಸೈಟು ಐದಾರು ವರ್ಷದಲ್ಲಿ ದುಬಾರಿ ಸೈಟೇ ಆಗಿರುತ್ತದೆ.

ಕೊಳ್ಳುವ ಮುಂಚೆ ಈ ಕಾಗದಗಳನ್ನು ನೀವೇ ತೆಗೆಸಿ, ದಲಾಲಿ ಕೊಟ್ಟ ಜೆರಾಕ್ಸ್ ನಂಬಬೇಡಿ. ಕನಿಷ್ಠ 30 ವರ್ಷದ ಋಣಭಾರ ಪತ್ರ (ಇ.ಸಿ.), ಪಹಣಿ ಮತ್ತು ಮುಟೇಷನ್, ಕೃಷಿಯೇತರ ಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಆ ಸೈಟು ಮಾರಬಹುದು ಎಂದು ಪ್ರಾಧಿಕಾರ ಕೊಟ್ಟ ಬಿಡುಗಡೆ ಪತ್ರ. ಜಾಗ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಕೊಟ್ಟದ್ದು 11ಬಿ ಆಗಿದ್ದರೆ ಲೇಔಟ್ ಅನುಮೋದನೆ ಆಗಿಲ್ಲ ಎಂದು ತಿಳಿಯಿರಿ.

ನಮ್ಮ ಭಾಗದಲ್ಲಿ ಹೆಚ್ಚು ಜನ ಎಡವುವುದು ಪಿಟಿಸಿಎಲ್ ಕಾಯ್ದೆಯಲ್ಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1978ರ ಆ ಕಾಯ್ದೆ ಹೇಳುತ್ತದೆ. ಹಾಗೆ ಮಾರಿದ ಜಮೀನನ್ನು ಮಂಜೂರುದಾರರಿಗೆ ವಾಪಸ್ ಕೊಡಿಸಬಹುದು. ಅದಕ್ಕೆ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಈ ಕಾಯ್ದೆ ಬೇಕು, ಅದು ಬಡವರ ಭೂಮಿ ಉಳಿಸಿದೆ. ಆದ್ದರಿಂದಲೇ ತಹಶೀಲ್ದಾರ್ ಕಚೇರಿಯಲ್ಲಿ ಮೂಲ ಮಂಜೂರಾತಿ ಕಡತ ಯಾರ ಹೆಸರಿನಲ್ಲಿದೆ ಎಂದು ನೋಡದೆ ಮುಂಗಡ ಕೊಡಬೇಡಿ.

ಈಗಾಗಲೇ ಅನಧಿಕೃತ ಬಡಾವಣೆಯಲ್ಲಿ ಇರುವವರಿಗೆ 2025ರಲ್ಲಿ ಬೆಂಗಳೂರಿನ ಹೊರಗಿನ ನಗರಗಳಲ್ಲೂ ಬಿ-ಖಾತಾ ಕೊಡಲು ಶುರುವಾಯಿತು. ಬಿ-ಖಾತಾ ಇದ್ದರೆ ತೆರಿಗೆ ಕಟ್ಟಬಹುದು, ದಾಖಲೆಯಲ್ಲಿ ಹೆಸರು ಬರುತ್ತದೆ. ಅದರಿಂದ ಲೇಔಟ್ ಸಕ್ರಮ ಆಗುವುದಿಲ್ಲ. "ಬಿ-ಖಾತಾ ಇದೆ, ಎಲ್ಲ ಕ್ಲಿಯರ್" ಎಂದು ಮಾರುವವರ ಮಾತು ಅರ್ಧ ಸತ್ಯ.

ದೊಡ್ಡ ಕಾರ್ಖಾನೆ ಬಂದರೆ ಊರವರಿಗೆ ಕೆಲಸ ಸಿಗುತ್ತದಲ್ಲ?

ಸಿಗುತ್ತದೆ. ಯಾವ ಕೆಲಸ, ಯಾರ ಕೈಕೆಳಗೆ ಎಂಬುದನ್ನು ಬಿಡಿಸಿ ಕೇಳಬೇಕು. ಉಕ್ಕು, ವಿದ್ಯುತ್, ಸ್ಪಾಂಜ್ ಐರನ್ ಎಲ್ಲವೂ ಯಂತ್ರ ಹೆಚ್ಚು, ಕೈ ಕಡಿಮೆ ಬೇಡುವ ಉದ್ಯಮ. ಕಾಯಂ ಕೆಲಸ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರಿಗೆ. ಜಮೀನು ಕೊಟ್ಟ ಮನೆಯವರಿಗೆ ಸಾಮಾನ್ಯವಾಗಿ ಸಿಗುವುದು ಗುತ್ತಿಗೆದಾರನ ಕೈಕೆಳಗಿನ ಲೋಡಿಂಗ್, ಸ್ವಚ್ಛತೆ, ಸೆಕ್ಯೂರಿಟಿ. ಒಂದೇ ಗೇಟಿನೊಳಗೆ ಎರಡು ಸಂಬಳ, ಗೇಟಿನ ಹೊರಗೆ ಎರಡು ಊರು. ಟೌನ್‌ಶಿಪ್ಪಿನಲ್ಲಿ ದಿನವಿಡೀ ನೀರು ಮತ್ತು ಶಾಲೆ, ಪಕ್ಕದ ಹಳ್ಳಿಯಲ್ಲಿ ದೂಳು ಮತ್ತು ಟ್ಯಾಂಕರ್.

ಕಾರ್ಖಾನೆ ಬಾರದೆಯೂ ಊರು ಬದಲಾಗುತ್ತದೆ. 2010ರ ಸುಮಾರಿಗೆ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ ಸುತ್ತ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಸ್ವಾಧೀನವಾಯಿತು. ಹೇಳಿದ ಕಾರ್ಖಾನೆಗಳು ಏಳಲಿಲ್ಲ. ನ್ಯಾಯವಾದ ಬೆಲೆ ಮತ್ತು ಕೆಲಸ ಕೇಳಿ ರೈತರು 2022ರ ಡಿಸೆಂಬರ್‌ನಿಂದ ಕುಡತಿನಿಯಲ್ಲಿ ಧರಣಿ ಕೂತರು. ಭೂಮಿ ಹೋದ ಮೇಲೆ ಉದ್ಯೋಗ ಬಾರದಿದ್ದರೆ ಮಕ್ಕಳು ಬಳ್ಳಾರಿಯ ಅಂಚಿನ ಬಾಡಿಗೆ ಕೋಣೆಗೆ ಬರುತ್ತಾರೆ. ನಗರದ ಬಡತನದ ಒಂದು ಪಾಲು ಹುಟ್ಟುವುದು ನಗರದ ಹೊರಗಿನ ಇಂಥ ಕಡತಗಳಲ್ಲಿ. ಕೊಪ್ಪಳದಲ್ಲಿ ಊರಿಗೆ ಅಂಟಿಕೊಂಡಂತೆಯೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು 2025ರ ಫೆಬ್ರವರಿಯಲ್ಲಿ ಜನ ಬಂದ್ ಮಾಡಿದ್ದರ ಹಿಂದೆಯೂ ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ದೂಳು ಕಂಡ ಅನುಭವವಿದೆ.

ಗುತ್ತಿಗೆಯಲ್ಲಿ ಇರುವವರು ನೋಡಿಕೊಳ್ಳಬೇಕಾದ್ದು ಮೂರು. ಪಿ.ಎಫ್.ನ ಯುಎಎನ್ ಸಂಖ್ಯೆ ಪಡೆದು ಪ್ರತಿ ತಿಂಗಳು ಪಾಸ್‌ಬುಕ್ಕಿನಲ್ಲಿ ದುಡ್ಡು ಬಿದ್ದಿದೆಯೇ ನೋಡಿ. ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡು ಕೇಳಿ. ನಿಮ್ಮಿಂದ ಕಡಿಯಬೇಕಾದ್ದು ಶೇ. 0.75 ಮಾತ್ರ, ಮಾಲೀಕನ ಪಾಲು ಶೇ. 3.25. ಗುತ್ತಿಗೆದಾರ ಕೂಲಿ ಉಳಿಸಿಕೊಂಡು ಓಡಿದರೆ ಕೊಡುವ ಹೊಣೆ ಮೂಲ ಸಂಸ್ಥೆಯದು. ಆದ್ದರಿಂದ ದೂರಿನಲ್ಲಿ ಎರಡೂ ಹೆಸರು ಬರೆಯಿರಿ. ಗೇಟ್ ಪಾಸಿನ ಫೋಟೊ ಮೊಬೈಲಿನಲ್ಲಿ ಇರಲಿ, ಅಲ್ಲಿ ಕೆಲಸ ಮಾಡಿದ್ದಕ್ಕೆ ಎಷ್ಟೋ ಸಲ ಅದೊಂದೇ ಸಾಕ್ಷಿ.

ಬಳ್ಳಾರಿ ಜೀನ್ಸ್ ದೇಶಕ್ಕೆಲ್ಲ ಹೋಗುತ್ತದೆ. ಹೊಲಿಯುವವರು ಯಾಕೆ ಹಾಗೇ ಇದ್ದಾರೆ?

ಕೂಲಿ ಪೀಸಿನ ಲೆಕ್ಕದಲ್ಲಿ ಇರುವುದರಿಂದ. ಕಟಿಂಗ್, ಹೊಲಿಗೆ, ಕಾಜಾ-ಬಟನ್, ದಾರ ಕತ್ತರಿಸುವುದು, ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್ ಹೀಗೆ ಕೆಲಸ ಹರಿದು ಹಂಚಿದೆ. ದಾರ ಕತ್ತರಿಸುವುದು ಮನೆಯಲ್ಲೇ ಕೂತ ಹೆಂಗಸರ ಪಾಲಿಗೆ ಬಂದಿದೆ. ಲೆಕ್ಕಕ್ಕೆ ಪೀಸಿಗೆ 2 ರೂಪಾಯಿ, ದಿನಕ್ಕೆ 120 ಪೀಸು ಎಂದರೆ 240 ರೂಪಾಯಿ. ಎರಡು ಗಂಟೆ ಕರೆಂಟು ಹೋಗಿ ಹೊಲಿಗೆ ನಿಂತರೆ ಅವತ್ತು 80 ಪೀಸೇ ಬರುತ್ತದೆ, ಕೂಲಿ 160. ನಷ್ಟ ಘಟಕದ ಮಾಲೀಕನಿಂದ ಕೆಳಗೆ ಜಾರಿ ಕೊನೆಯ ಕೈಗೆ ಬಂದು ನಿಲ್ಲುತ್ತದೆ. ದಸರಾ, ದೀಪಾವಳಿ, ರಂಜಾನ್ ಮುಂಚೆ ರಾತ್ರಿಯೆಲ್ಲ ಕೆಲಸ, ಆಮೇಲೆ ವಾರಗಟ್ಟಲೆ ಖಾಲಿ.

ಮಾಲೀಕರನ್ನಷ್ಟೇ ದೂರಿದರೆ ಸಾಲದು. ಸಣ್ಣ ಘಟಕದವರು ಉದ್ರಿಯ ಮೇಲೆ ಮಾಲು ಕೊಟ್ಟು ಹೊರಗಿನ ವ್ಯಾಪಾರಿಯ ದುಡ್ಡಿಗೆ ಎರಡು ಮೂರು ತಿಂಗಳು ಕಾಯುತ್ತಾರೆ. ಸಣ್ಣ ಘಟಕಕ್ಕೆ ಉದ್ಯಮ್ ನೋಂದಣಿ (ಕೇಂದ್ರ ಸರ್ಕಾರದ ಸಣ್ಣ ಉದ್ಯಮಗಳ ನೋಂದಣಿ) ಇದ್ದರೆ ಕೊಂಡವರು 45 ದಿನದೊಳಗೆ ದುಡ್ಡು ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬಿಲ್ಲಿಲ್ಲದ ವ್ಯಾಪಾರಕ್ಕೆ ಆ ರಕ್ಷಣೆ ಇಲ್ಲ. ಕೆಲಸಗಾರರಿಗೆ ನಮ್ಮ ಸಲಹೆ ಇಷ್ಟೇ: ಪೀಸಿನ ಪುಸ್ತಕ ಇಟ್ಟು ದಿನಾಂಕ, ಸಂಖ್ಯೆ, ದರ ಬರೆದು ವಾರಕ್ಕೊಮ್ಮೆ ಸಹಿ ಹಾಕಿಸಿ. ದಿನಕ್ಕೆ ಎಂಟು ಗಂಟೆ ದುಡಿದರೂ ಪೀಸಿನ ಕೂಲಿ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಮುಟ್ಟದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಕೇಳುವುದಕ್ಕೆ ಆ ಪುಸ್ತಕವೇ ಆಧಾರ.

ವಾಷಿಂಗ್‌ನ ಬಣ್ಣದ ನೀರು ಯಾವ ಕಾಲುವೆಗೆ ಬಿದ್ದು ಯಾವ ಓಣಿಯ ಹಿಂದೆ ನಿಲ್ಲುತ್ತದೆ ಎಂದು ನೋಡಿ. ಬಾಡಿಗೆ ಅತಿ ಕಡಿಮೆ ಇರುವುದು ಅಲ್ಲಿಯೇ.

ಕೊಪ್ಪಳದ ಭಾಗ್ಯನಗರದ ಕೂದಲು ಕೆಲಸವೂ ಹೀಗೆಯೇ?

ಹೌದು, ಬಹಳಮಟ್ಟಿಗೆ. ವಿಗ್‌ಗೆ ಹೋಗುವ ತಲೆಗೂದಲು ಬಿಡಿಸಿ ಉದ್ದದ ಪ್ರಕಾರ ವಿಂಗಡಿಸುವ ಕೆಲಸ ಹೆಂಗಸರದು, ಕೂಲಿ ತೂಕದ ಮೇಲೆ. ಕೂದಲಿನ ದೂಳು ಮೂಗಿಗೆ ಹೋಗುವುದರಿಂದ ಬಟ್ಟೆ ಕಟ್ಟಿಕೊಂಡು, ಗಾಳಿ ಆಡುವ ಕಡೆ ಕೂರಬೇಕು. ತೂಕ ನಿಮ್ಮೆದುರೇ ಆಗಲಿ.

ರಾಯಚೂರಿನಲ್ಲಿ ಕಬ್ಬಿಣದ ಅದಿರಿಲ್ಲ. ಅಲ್ಲಿ ಅಂತರ ಹುಟ್ಟುವುದು ಎಲ್ಲಿಂದ?

ನೀರಿನಿಂದ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೊದಲು ಸಿಗುವ ಗಂಗಾವತಿ, ಸಿಂಧನೂರಿನಲ್ಲಿ ಭತ್ತ, ರೈಸ್ ಮಿಲ್ಲು, ಟ್ರ್ಯಾಕ್ಟರ್ ಶೋರೂಮು, ಬ್ಯಾಂಕು ಬೆಳೆದವು. ಕೊನೆ ಭಾಗದ ರೈತರಿಗೆ ನೀರು ತಡವಾಗಿ ತಲುಪುತ್ತದೆ ಅಥವಾ ತಲುಪುವುದೇ ಇಲ್ಲ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ ಇದ್ದದ್ದು ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಮೊದಲು ಎದೆ ಒಡೆದುಕೊಂಡವರು ಈ ಕೊನೆ ಭಾಗದವರು. ನೀರಿಲ್ಲದ ವರ್ಷ ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯ ಮನೆಗಳಿಗೆ ಬೀಗ ಬಿದ್ದು ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಉಳಿದವರು ರಾಯಚೂರಿನ ಅಂಚಿಗೆ ಬಂದು ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಹಮಾಲಿ, ಕಟ್ಟಡದಲ್ಲಿ ಕೂಲಿ ಹುಡುಕುತ್ತಾರೆ.

ಗುಳೆ ಹೋಗುವವರು ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಿಕೊಳ್ಳಲೇಬೇಕು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ, ಮುಖ್ಯವಾಗಿ ಬೇಕಾದ್ದು ಇಷ್ಟು. ಕಟ್ಟಡ ಕಟ್ಟಿಸುವವರಿಂದ ವಸೂಲಾಗುವ ಶೇ. 1 ಸೆಸ್ ನಿಮ್ಮ ಹೆಸರಿನ ದುಡ್ಡು. ಕಾರ್ಡು ನವೀಕರಿಸದೆ ಬಿಟ್ಟು, ಅಪಘಾತವಾದ ಮೇಲೆ ನೆನಪಾದರೆ ಪರಿಹಾರ ಕೈತಪ್ಪುತ್ತದೆ. ರೇಷನ್ ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ ಹೋದ ಊರಲ್ಲೇ ಅಕ್ಕಿ ಪಡೆಯಬಹುದು.

ನೀರಿಗೆ ಬಡವರೇ ಹೆಚ್ಚು ದುಡ್ಡು ಕೊಡುತ್ತಾರೆ ಎನ್ನುವುದು ನಿಜವೇ?

ನಿಜ, ಲೆಕ್ಕ ನೋಡಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕು ಎಂಬುದು ಮಾನದಂಡ. ಐದು ಜನರಿಗೆ ತಿಂಗಳಿಗೆ ಸುಮಾರು 20,000 ಲೀಟರ್ ಆಯಿತು. ನಳ ಇರುವ ಮನೆಗೆ ಲೆಕ್ಕಕ್ಕೆ ತಿಂಗಳಿಗೆ 200 ರೂಪಾಯಿ ಬಿಲ್ಲು. ನಳ ಇಲ್ಲದ ಮನೆಯವರು 5,000 ಲೀಟರಿನ ಎರಡು ಟ್ಯಾಂಕರಿಗೆ 1,200, ಕುಡಿಯಲು ದಿನಕ್ಕೊಂದು 20 ಲೀಟರಿನ ಕ್ಯಾನಿಗೆ 5ರಂತೆ 150, ಒಟ್ಟು 1,350 ಕೊಡುತ್ತಾರೆ. ಅಷ್ಟು ಕೊಟ್ಟರೂ ಸಿಕ್ಕದ್ದು ಮಾನದಂಡದ ಅರ್ಧ.

ಎರಡು ನದಿಗಳ ನಡುವಿನ ರಾಯಚೂರಿನಲ್ಲಿ 2022ರ ಮೇ ಕೊನೆಗೆ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಮನೆಯಲ್ಲಿ ಆರ್.ಒ. ಇಲ್ಲದವರೇ ಆ ನೀರನ್ನು ನೇರವಾಗಿ ಕುಡಿಯುವವರು. ನಳದ ನೀರು ಮಣ್ಣುವಾಸನೆ ಬಂದರೆ, ಕೆಂಪಾದರೆ ಶುದ್ಧ ಬಾಟಲಿಯಲ್ಲಿ ಮಾದರಿ ಹಿಡಿದು ಅವತ್ತೇ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಚರಂಡಿಯೊಳಗೆ ಹಾದು ಬರುವ ಮನೆ ನಳದ ಪೈಪಿನ ಜೋಡಣೆ ಸೋರುತ್ತಿದ್ದರೆ, ನೀರು ಬಿಡದ ಹೊತ್ತಿನಲ್ಲಿ ಕೊಳಕು ಒಳಗೆ ಎಳೆಯುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಹೆಚ್ಚು.

ನಮ್ಮ ಓಣಿಯನ್ನು ಕೊಳೆಗೇರಿ ಎಂದು ಘೋಷಿಸಿದರೆ ಮಾನ ಹೋಗುತ್ತದೆ ಎನ್ನುತ್ತಾರೆ. ಬೇಡ ಎನ್ನೋಣವೇ?

ಬೇಡ ಎನ್ನಬೇಡಿ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆ ಆಗದ ಓಣಿಗೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆ, ರಸ್ತೆ, ಹಕ್ಕುಪತ್ರ ಸಿಗುವುದು ಕಷ್ಟ. ತೆರವು ಮಾಡಿಸಲು ಬಂದವರ ಮುಂದೆ ಹೇಳಿಕೊಳ್ಳಲು ಆಧಾರವೂ ಇರುವುದಿಲ್ಲ. ಅರ್ಜಿಯ ಜೊತೆಗೆ ಮನೆವಾರು ಪಟ್ಟಿ, ಪ್ರತಿ ಮನೆಯ ಹಳೆಯ ಕರೆಂಟ್ ಬಿಲ್ಲು, ಮತದಾರರ ಪಟ್ಟಿಯ ಪುಟ, ಸರ್ವೆ ನಂಬರಿನ ನಕ್ಷೆ ಇಡಿ. ಜಾಗ ಯಾರದು ಎಂಬುದೇ ದೊಡ್ಡ ತೊಡಕು. ರೈಲ್ವೆ ಅಥವಾ ಖಾಸಗಿ ಜಾಗವಾದರೆ ವರ್ಷಗಟ್ಟಲೆ ನಿಲ್ಲುತ್ತದೆ. ಹಕ್ಕುಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಕೇಳಿ.

ರಸ್ತೆ ಅಗಲ ಮಾಡುತ್ತೇವೆ ಎಂದು ಬಂಡಿ ಎತ್ತಿಸುತ್ತಿದ್ದಾರೆ. ಏನು ಮಾಡಬೇಕು?

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನದ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಇರಬೇಕು. ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತು, ನಡಾವಳಿ ಕೊಡಿ ಎಂದು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. ಮಾಲು ಜಪ್ತಿ ಮಾಡಿದರೆ ಸ್ಥಳದಲ್ಲೇ ಪಟ್ಟಿ ಬರೆಸಿಕೊಳ್ಳಿ. ಹಣ್ಣು, ಸೊಪ್ಪಿನಂಥ ಕೆಡುವ ಮಾಲನ್ನು ಶುಲ್ಕ ಕಟ್ಟಿ ವಾಪಸ್ ಕೇಳಿದ ದಿನವೇ ಹಿಂದಿರುಗಿಸಬೇಕು.

ಗಣಿಯ ದುಡ್ಡಿನಲ್ಲಿ ನಮ್ಮ ವಾರ್ಡಿಗೆ ಪಾಲಿಲ್ಲವೇ?

ಇದೆ. 2015ರಿಂದ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಕಬ್ಬಿಣದ ಅದಿರಿನ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ. 15. ಹಳೆಯ ಗುತ್ತಿಗೆಗಳು ಆ ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವು ಶೇ. 10ರಷ್ಟನ್ನು ಪ್ರತಿಷ್ಠಾನಕ್ಕೆ ಕಟ್ಟಬೇಕು. ಲೆಕ್ಕಕ್ಕೆ ಟನ್ನಿಗೆ 3,000 ಬೆಲೆ ಎಂದರೆ ರಾಜಧನ 450, ಪ್ರತಿಷ್ಠಾನಕ್ಕೆ 135 ಅಥವಾ 45. ಹಳೆಯ ಗುತ್ತಿಗೆಯ ಒಂದು ಕೋಟಿ ಟನ್ನಿಗೆ 135 ಕೋಟಿ ರೂಪಾಯಿ ಆಯಿತು.

ಈ ದುಡ್ಡು ಗಣಿಯಿಂದ ತೊಂದರೆಗೊಳಗಾದ ಜನರಿಗೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ ಮೊದಲ ಆದ್ಯತೆ. ಸುಲಭದಲ್ಲಿ ಫೋಟೊಗೆ ಕಾಣುವ ಕಟ್ಟಡ ಮತ್ತು ರಸ್ತೆಯತ್ತ ಅದು ಜಾರುವುದನ್ನು ತಡೆಯಬೇಕಾದವರು ನಾವು. "ಅಭಿವೃದ್ಧಿ ಬೇಕು" ಎಂಬ ಮನವಿ ಕಡತದಲ್ಲೇ ಉಳಿಯುತ್ತದೆ. "ಅದಿರು ಲಾರಿ ಓಡಾಡುವ ಈ ರಸ್ತೆಯ 140 ಮನೆಗೆ ನಳ ಇಲ್ಲ, ಮುಖ್ಯ ಪೈಪು 300 ಮೀಟರ್ ದೂರದಲ್ಲಿದೆ, ಅಂದಾಜು ವೆಚ್ಚ ಇಷ್ಟು" ಎಂದು ಬರೆದ ಮನವಿ ಕ್ರಿಯಾಯೋಜನೆಗೆ ಹತ್ತುತ್ತದೆ. ಅಂದಾಜು ಪಟ್ಟಿಯನ್ನು ಪಾಲಿಕೆಯ ಕಿರಿಯ ಎಂಜಿನಿಯರ್ ಕೈಯಲ್ಲಿ ಮಾಡಿಸಿ ಜೊತೆಗಿಡಿ.

ಭೋಗ್ಯಕ್ಕೆ ಮನೆ ಹಿಡಿಯುವುದು ಒಳ್ಳೆಯದಾ, ತಿಂಗಳ ಬಾಡಿಗೆಯಾ?

ಬೋಳು ಬಾಂಡ್ ಪೇಪರಿನಲ್ಲಿ ಬರೆದ, ನೋಂದಣಿ ಇಲ್ಲದ ಭೋಗ್ಯಕ್ಕೆ ಐದಾರು ಲಕ್ಷ ಕೊಡಬೇಡಿ. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲೀಕ ಕಂತು ತಪ್ಪಿಸಿದರೆ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಳ್ಳುತ್ತದೆ, ನಿಮ್ಮ ದುಡ್ಡಿಗೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಋಣಭಾರ ಪತ್ರ ನೋಡಿ, ಕರಾರು ನೋಂದಣಿ ಮಾಡಿಸಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಇದಕ್ಕೆ ಮಾಲೀಕ ಒಪ್ಪದಿದ್ದರೆ ತಿಂಗಳ ಬಾಡಿಗೆಯೇ ಮೇಲು.

ನಮ್ಮ ವಾರ್ಡಿನ ಅಂತರವನ್ನು ನಾವೇ ಅಳೆಯಬಹುದೇ?

ಇಬ್ಬರು ಎರಡು ಭಾನುವಾರದಲ್ಲಿ ಮಾಡಬಹುದು. ವಾರ್ಡಿನ ನಕ್ಷೆ ತೆಗೆದುಕೊಂಡು ಪ್ರತಿ ಓಣಿಯಲ್ಲಿ ಹತ್ತನೇ ಮನೆಗೊಂದರಂತೆ ಕೇಳುತ್ತ ಹೋಗಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆ. ಪ್ರಶ್ನೆ ಆರೇ ಇರಲಿ: ತಿಂಗಳ ಬಾಡಿಗೆ ಎಷ್ಟು, ಆದಾಯ ಎಷ್ಟು, ನೀರಿಗೆ ಎಷ್ಟು ಖರ್ಚು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮನೆಯ ಕಾಗದ ಯಾವುದು, ಕೆಲಸಕ್ಕೆ ಹೋಗಿಬರಲು ಎಷ್ಟು. ಆದಾಯವನ್ನು ನೇರ ಕೇಳಿದರೆ ಕಡಿಮೆ ಹೇಳುತ್ತಾರೆ, ಆದ್ದರಿಂದ ಹೋದ ವಾರ ಎಷ್ಟು ದಿನ ಕೆಲಸ ಸಿಕ್ಕಿತು, ದಿನಗೂಲಿ ಎಷ್ಟು ಎಂದು ಕೇಳಿ ಗುಣಿಸಿ. ಹೆಸರು, ಫೋನ್ ನಂಬರ್ ಬರೆದುಕೊಳ್ಳಬೇಡಿ.

ಬಾಡಿಗೆ ಮತ್ತು ನೀರು ಸೇರಿ ಆದಾಯದ ಮೂರರಲ್ಲಿ ಒಂದು ಪಾಲು ದಾಟಿದ ಮನೆಗಳನ್ನು ನಕ್ಷೆಯಲ್ಲಿ ಕೆಂಪು ಮಾಡಿ. ಅದರ ಪಕ್ಕದಲ್ಲೇ ಖಾಲಿ ಬಿದ್ದಿರುವ ಸೈಟುಗಳನ್ನು ಹಳದಿ ಮಾಡಿ. ಪಾಲಿಕೆಯ ಬಜೆಟ್ ಸಭೆಗೆ ಮುಂಚೆ, ಅಂದರೆ ಡಿಸೆಂಬರ್, ಜನವರಿಯೊಳಗೆ ಆ ನಕ್ಷೆಯನ್ನು ವಾರ್ಡ್ ಸದಸ್ಯರಿಗೂ ಆಯುಕ್ತರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾರ್ಚ್‌ನಲ್ಲಿ ಕೊಟ್ಟರೆ ಆ ವರ್ಷದ ಪಟ್ಟಿ ಆಗಲೇ ಮುಗಿದಿರುತ್ತದೆ.